ಬಲಗಡೆಯ ಸೀಟು

ಕುರಾತಾ-ಸಾನ್ ಫೋನ್ ಮಾಡಿದಾಗ ಅನಸೂಯಾ ಬಾಲ್ಕನಿಯಲ್ಲಿ ಮಾಸ್ಕುಗಳನ್ನು ಒಣಹಾಕುತ್ತಿದ್ದಳು. ಎರಡು ಸಾವಿರದ ಇಪ್ಪತ್ತರ ಆಗಸ್ಟ್ ಕೊನೆಯ ವಾರ. ಯೋಕೋಹಾಮಾದ ಸೆಕೆಗೆ ಗಾಳಿಯೂ ಬೆವರಿದಂತಿತ್ತು. ತಂತಿಯ ಮೇಲೆ ಐದು ಮಾಸ್ಕು, ಐದೂ ಅವಳವೇ. ಗಂಡ ಪದ್ಮನಾಭ ಮಾರ್ಚಿನಲ್ಲಿ ತಂಗಿಯ ಮಗಳ ಮದುವೆಗೆಂದು ಹತ್ತು ದಿನದ ಮಟ್ಟಿಗೆ ಮೈಸೂರಿಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮೊದಲು ಅಲ್ಲಿಂದ ವಿಮಾನಗಳು ನಿಂತವು, ಆಮೇಲೆ ಜಪಾನ್ ತನ್ನ ಬಾಗಿಲು ಹಾಕಿಕೊಂಡಿತು. ಮಗಳು ನಿಶಾ ಸೆಂದಾಯಿಯಲ್ಲಿ ಕಾಲೇಜು ಸೇರಿ ಐದು ತಿಂಗಳಾಗಿತ್ತು. ಇನ್ನೂ ಒಂದು ದಿನವೂ ತರಗತಿಯ ಒಳಗೆ ಕಾಲಿಟ್ಟಿರಲಿಲ್ಲ, ಹಾಸ್ಟೆಲ್ ಕೋಣೆಯಿಂದಲೇ ಪಾಠ ಕೇಳುತ್ತಿದ್ದಳು.

ಕುರಾತಾ-ಸಾನ್ ಕಾವಾಸಾಕಿಯಲ್ಲಿ ಹಳೆಯ ಕಾರುಗಳ ಮೆಕ್ಯಾನಿಕ್. ಎಪ್ಪತ್ತಾರು ವರ್ಷ. ಮಾತಿಗೆ ಮುಂಚೆ ಮೂರು ಸಲ ಕ್ಷಮೆ ಕೇಳುವ ಮನುಷ್ಯ. ಅವತ್ತು ಐದು ಸಲ ಕೇಳಿದ. ಶೆಡ್ಡು ಮುಚ್ಚುತ್ತಿದ್ದೇನೆ, ಗಿರಾಕಿಗಳಿಲ್ಲ, ಜಾಗದ ಒಡೆಯ ಅಕ್ಟೋಬರ್ ಕೊನೆಗೆ ಖಾಲಿ ಮಾಡಿ ಅಂದಿದ್ದಾನೆ, ಒಕುಸಾನ್‌ಗೆ ತೊಂದರೆ ಕೊಡುತ್ತಿದ್ದೇನೆ, ಆದರೆ ನಿಮ್ಮ ಯಜಮಾನರ ಕಾರನ್ನು ಬೇರೆಲ್ಲಾದರೂ ಸಾಗಿಸಬೇಕಾಗುತ್ತದೆ, ಎಂದ. ಅವಳನ್ನು ಅವನು ಎಂದೂ ಹೆಸರಿನಿಂದ ಕರೆದವನಲ್ಲ. ಯಜಮಾನರ ಹೆಂಡತಿ ಎಂಬ ಅರ್ಥದ ಆ ಒಕುಸಾನ್ ಅಷ್ಟೇ. ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಕಂಡಿದ್ದು ಎರಡೇ ಸಲವಾದ್ದರಿಂದ ಅವಳಿಗೂ ಅದು ಸರಿಯೆನಿಸಿತ್ತು.

ಆ ಕಾರು ಸಾವಿರದ ಒಂಬೈನೂರ ಎಪ್ಪತ್ತರ ಶೆವೆಲ್. ಅಮೆರಿಕದ್ದು. ದಟ್ಟ ಹಸಿರು ಬಣ್ಣ, ಐದು ಮೀಟರ್ ಉದ್ದ, ಎಂಟು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಎಡಗಡೆಗೆ. ಯೋಕೋಸುಕಾದ ನೌಕಾನೆಲೆಗೆ ಬಂದಿದ್ದ ಯಾರೋ ಅಮೆರಿಕನ್ ನಾವಿಕ ಅದನ್ನು ಹಡಗಿನಲ್ಲಿ ತರಿಸಿ, ವಾಪಸು ಹೋಗುವಾಗ ಇಲ್ಲೇ ಬಿಟ್ಟು ಹೋಗಿದ್ದನಂತೆ. ನಾಲ್ಕಾರು ಕೈ ದಾಟಿ ಅದು ಕುರಾತಾ-ಸಾನ್ ಶೆಡ್ಡಿನ ಮೂಲೆಗೆ ಬಂದು ನಿಂತಿತ್ತು. ಎರಡು ಸಾವಿರದ ಒಂಬತ್ತರಲ್ಲಿ ಪದ್ಮನಾಭ ಅದನ್ನು ಕೊಂಡುಬಿಟ್ಟ. ಹೆಂಡತಿಯನ್ನು ಕೇಳಲಿಲ್ಲ. ಕೊಂಡ ಮೇಲೆ ಹೇಳಿದ. ಶಿನಾಗಾವಾದ ಆಫೀಸಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ತಿದ್ದುತ್ತ ಕೂರುವ, ಟೈ ಕಟ್ಟಿದರೆ ಸಂಜೆಯವರೆಗೂ ಸಡಿಲಿಸದ ಈ ಮನುಷ್ಯನಿಗೆ ಇಂಥ ಹುಚ್ಚು ಎಲ್ಲಿತ್ತು ಎಂದು ಅವಳಿಗೆ ಸೋಜಿಗವಾಗಿತ್ತು. ಸೋಜಿಗ ಕಳೆದ ಮೇಲೆ ಸಿಟ್ಟು ಉಳಿಯಿತು.

ಮೊದಲ ಸಲ ಅವರು ಅದರಲ್ಲಿ ಹಕೋನೆ ಬೆಟ್ಟಕ್ಕೆ ಹೋದರು. ದಾರಿಯುದ್ದಕ್ಕೂ ಪೆಟ್ರೋಲಿನ ವಾಸನೆ, ಕಿವಿ ಹರಿಯುವ ಸದ್ದು. ಸೀಟಿನ ಸ್ಪ್ರಿಂಗು ಅವಳ ಬೆನ್ನಿಗೆ ಒತ್ತಿ ಒತ್ತಿ, ಮನೆಗೆ ಬಂದವಳು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಅವಳು ಆ ಕಾರಿನ ಬಾಗಿಲು ಮುಟ್ಟಲಿಲ್ಲ. ಅವರ ಅಪಾರ್ಟ್‌ಮೆಂಟಿನಲ್ಲಿ ಕಾರುಗಳನ್ನು ಒಂದರ ಮೇಲೊಂದು ಎತ್ತಿಡುವ ಪಾರ್ಕಿಂಗ್ ಯಂತ್ರದ ತಟ್ಟೆಯ ಮೇಲೆ ಅಷ್ಟು ಉದ್ದದ ಕಾರು ಹಿಡಿಸುತ್ತಲೂ ಇರಲಿಲ್ಲ. ಹಾಗಾಗಿ ಕಾರು ಕಾವಾಸಾಕಿಯ ಶೆಡ್ಡಿನಲ್ಲೇ ಉಳಿಯಿತು, ಪದ್ಮನಾಭ ಭಾನುವಾರದ ಬೆಳಿಗ್ಗೆ ತಿಂಡಿ ತಿಂದು ಟ್ರೈನು ಹತ್ತಿ ಅಲ್ಲಿಗೆ ಹೋಗುವುದು ರೂಢಿಯಾಯಿತು. ಮೊದಮೊದಲು, "ಅನೂ, ಒಂದ್ಸಲ ಬಾ, ಈಗ ಕೂತು ನೋಡು, ಮುಂಚಿನ ಥರ ಇಲ್ಲ," ಎಂದು ಕರೆಯುತ್ತಿದ್ದ. ಅವಳು, "ನೋಡೋಣ" ಎನ್ನುತ್ತಿದ್ದಳು. ನಾಲ್ಕೈದು ವರ್ಷ ಕರೆದ. ಆಮೇಲೆ ಯಾವಾಗ ಕರೆಯುವುದನ್ನು ಬಿಟ್ಟ ಎಂಬುದು ಅವಳಿಗೆ ನೆನಪಿಲ್ಲ.

ಕುರಾತಾ-ಸಾನ್ ಫೋನಿಟ್ಟ ಮೇಲೆ ಅವಳು ಮೈಸೂರಿಗೆ ವಿಡಿಯೋ ಕರೆ ಮಾಡಿದಳು. ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಿಗ್ಗೆ. ಸರಸ್ವತಿಪುರದ ತಂಗಿಯ ಮನೆಯ ಮಹಡಿ ಕೋಣೆಯಲ್ಲಿ ಪದ್ಮನಾಭ ಇಸ್ತ್ರಿ ಮೇಜನ್ನೇ ಆಫೀಸು ಮಾಡಿಕೊಂಡು ಕೂತಿದ್ದ. ಗಡ್ಡ ಬಿಟ್ಟಿದ್ದ, ಅದು ಅರ್ಧ ಬೆಳ್ಳಗಾಗಿತ್ತು. ಅವಳು ವಿಷಯ ಹೇಳಿದಳು.

"ಬೇರೆ ಗ್ಯಾರೇಜು ನೋಡೋಕಾಗತ್ತಾ?" ಎಂದು ಅವಳೇ ಕೇಳಿದಳು. ಕೇಳಬೇಕಲ್ಲ ಎಂದು ಕೇಳಿದ್ದು.

ಅವನು ಪಕ್ಕದಲ್ಲಿದ್ದ ಕಾಫಿ ಲೋಟವನ್ನು ಎತ್ತಿ, ಕುಡಿಯದೆ ಇಟ್ಟ. "ಅಷ್ಟು ಉದ್ದದ ಗಾಡಿಗೆ ಯಾರು ಜಾಗ ಕೊಡ್ತಾರೆ? ನೀನೊಬ್ಬಳೇ ಎಲ್ಲಿ ಅಂತ ಹುಡುಕ್ತೀಯ. ನಾನು ಯಾವಾಗ ಬರ್ತೀನೋ ಗೊತ್ತಿಲ್ಲ." ಸ್ವಲ್ಪ ಹೊತ್ತು ಚಿತ್ರ ಅಲುಗಾಡದೆ ನಿಂತಿತು, ನೆಟ್‌ವರ್ಕ್ ಹೋಯಿತೇ, ಅವನೇ ಹಾಗೆ ಕೂತನೇ ತಿಳಿಯಲಿಲ್ಲ. ಆಮೇಲೆ, "ಮಾರಿಬಿಡು," ಎಂದ.

"ಸರಿ," ಎಂದಳು ಅನಸೂಯಾ.

ಫೋನಿಟ್ಟು ಅಡುಗೆ ಮನೆಗೆ ಹೋಗುವಾಗ ಅವಳ ಹೆಜ್ಜೆ ಹಗುರಾಗಿತ್ತು. ಅದನ್ನು ಅವಳು ಆಮೇಲೆ ತನಗೆ ತಾನೇ ಎಷ್ಟೋ ಸಲ ನೆನಪಿಸಿಕೊಂಡಳು. ಹನ್ನೊಂದು ವರ್ಷದ ಭಾನುವಾರಗಳು ವಾಪಸು ಬಂದಂತೆ ಅನಿಸಿತ್ತು ಅವಳಿಗೆ.

ಅದೇ ಸಂಜೆ ಮಗಳಿಗೆ ಹೇಳಿದರೆ ನಿಶಾ, "ಚೊತ್ತೊ ಮತ್ತೆ, ಅಮ್ಮಾ, ಒಂದ್ನಿಮಿಷ. ಪಪ್ಪಾ ಓಕೆ ಅಂದ್ರಾ?" ಎಂದಳು.

"ಮಾರಿಬಿಡು ಅಂದ್ರು ಕಣೇ."

"ದಟ್ಸ್ ನಾಟ್ ಓಕೆ. ದಟ್ಸ್... ಪಪ್ಪಾ ಬೇಜಾರಾದಾಗ ಹಾಗೇ ಹೇಳೋದು. ಬಿಡು, ಕೊಡು, ಹೋಗ್ಲಿ. ಯು ನೋ ಹಿಮ್."

"ನಿಂಗೆ ಕನ್ನಡ ಬರೋದೇ ಅಷ್ಟಕ್ಕಷ್ಟೆ," ಎಂದು ಅನಸೂಯಾ ನಕ್ಕು ಮಾತು ತೇಲಿಸಿದಳು.

ಸೆಪ್ಟೆಂಬರಿನ ಒಂದು ಶನಿವಾರ ಅವಳು ಕಾವಾಸಾಕಿಗೆ ಹೋದಳು. ಫೋಟೋ ತೆಗೆದು ಹಳೆಯ ಕಾರುಗಳ ಜಾಲತಾಣಕ್ಕೆ ಹಾಕಬೇಕಿತ್ತು. ಕಾಲುವೆಯ ಪಕ್ಕದ ತಗಡಿನ ಶೆಡ್ಡು, ಒಳಗೆ ಗ್ರೀಸಿನ ವಾಸನೆ. ಕುರಾತಾ-ಸಾನ್ ಕಾರಿನ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಮಡಚುತ್ತ ಹಿಂದಕ್ಕೆ ಸರಿಸಿದ. ಅವಳು ಅದನ್ನು ಇಷ್ಟು ಹತ್ತಿರದಿಂದ, ಇಷ್ಟು ಸಮಾಧಾನವಾಗಿ ನೋಡಿರಲೇ ಇಲ್ಲ. ಹಸಿರು ಎಂದರೆ ಇಷ್ಟು ಆಳವಾಗಿರಬಹುದು ಎಂದು ಅಂದುಕೊಂಡಿರಲಿಲ್ಲ. ಬಾನೆಟ್ಟಿನ ಮೇಲೆ ಅವಳ ಮಾಸ್ಕಿನ ಮುಖ ತೆಳ್ಳಗೆ ಕಾಣಿಸಿತು.

"ಇಂಥ ಕಾರು ಮಾರುವಾಗ ಜನ ಕೇಳುವುದು ಒಂದೇ ಮಾತು, ಒಕುಸಾನ್," ಎಂದು ಕುರಾತಾ-ಸಾನ್ ಜಪಾನಿಯಲ್ಲಿ ನಿಧಾನವಾಗಿ ಹೇಳಿದ. "ಕಾರ್ಖಾನೆಯಿಂದ ಬಂದದ್ದು ಎಷ್ಟು, ಆಮೇಲೆ ಹಾಕಿದ್ದು ಎಷ್ಟು. ಅದನ್ನು ಮುಚ್ಚಿಡಬಾರದು."

ಅವಳು ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದು ಹಾಳೆಯ ನಡುವೆ ಗೀಟು ಎಳೆದು, ಒಂದು ಕಡೆ 'ಮೂಲ' ಎಂದೂ ಇನ್ನೊಂದು ಕಡೆ 'ಹೊಸದು' ಎಂದೂ ಕನ್ನಡದಲ್ಲಿ ಬರೆದುಕೊಂಡಳು. ಎಂಜಿನ್ ಮೂಲದ್ದೇ. ಅದನ್ನು ಅವನು ಟಾರ್ಚು ಬಿಟ್ಟು ತೋರಿಸಿದ. ಎಂಜಿನ್ನಿನ ಮೈಮೇಲೆ ಒತ್ತಿದ್ದ ಅಂಕಿಗಳೂ ಮುಂದಿನ ಗಾಜಿನ ಕೆಳಗಿನ ಲೋಹದ ಪಟ್ಟಿಯ ಮೇಲಿನ ಅಂಕಿಗಳೂ ತಾಳೆಯಾಗುತ್ತಿದ್ದವು. ಇದೇ ಈ ಕಾರಿನ ಜೀವ ಎಂದ. ಬಾಗಿಲು, ಗಾಜು, ಡ್ಯಾಶ್‌ಬೋರ್ಡು ಮೂಲದ್ದು. ಬಣ್ಣ ಒಮ್ಮೆ ಬಳಿದಿದ್ದಾರೆ. ಗೇರ್‌ಬಾಕ್ಸು ಅದೇ ಕಾಲದ್ದು, ಆದರೆ ಬೇರೆ ಕಾರಿನದು. ಹೊಗೆ ಕೊಳವೆ ಬದಲಾಗಿದೆ. "ಮತ್ತೆ ಬಲಗಡೆಯ ಸೀಟು," ಎಂದು ಹೇಳಿ ಅವನು ತಡೆದ. "ಅದೂ ಬೇರೆಯದು." ಯಾಕೆಂದು ಅವಳು ಕೇಳಲಿಲ್ಲ. ಪಟ್ಟಿಯಲ್ಲಿ ಬರೆದುಕೊಂಡಳು.

ಅಕ್ಟೋಬರಿನಲ್ಲಿ ಮಿಝೋಗುಚಿ ಎಂಬವರ ಪತ್ರ ಬಂತು. ಜುಶಿ ಊರಿನವರು, ಅರವತ್ತೆಂಟು ವರ್ಷ. ಯೋಕೋಹಾಮಾ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ದಡಕ್ಕೆಳೆಯುವ ಟಗ್ ದೋಣಿಯ ಕ್ಯಾಪ್ಟನ್ನಾಗಿದ್ದು ನಿವೃತ್ತರಾದವರು. ಹುಡುಗನಾಗಿದ್ದಾಗ ನೌಕಾನೆಲೆಯ ಗೇಟಿನಲ್ಲಿ ಇಂಥ ಕಾರುಗಳನ್ನು ಬೇಲಿಯಾಚೆಯಿಂದ ನೋಡುತ್ತ ನಿಲ್ಲುತ್ತಿದ್ದೆ ಎಂದು ಬರೆದಿದ್ದರು. ಬೇರೆಯವರಂತೆ ಚೌಕಾಸಿಗಿಳಿಯಲಿಲ್ಲ. ಅನಸೂಯಾ ಫೋನಿನಲ್ಲಿ, "ನೀವು ನೋಡಿ ಒಪ್ಪಿದರೆ ನಿಮಗೇ ಕೊಡ್ತೀನಿ, ಇನ್ಯಾರಿಗೂ ತೋರಿಸಲ್ಲ," ಎಂದು ಮಾತು ಕೊಟ್ಟಳು. ತಾನೊಬ್ಬಳೇ ಇಷ್ಟು ದೂರ ತಂದೆನಲ್ಲ ಎಂಬ ಹೆಮ್ಮೆಯೂ ಇತ್ತು.

ಕೊನೆಯ ವಾರದ ಒಂದು ಬೆಳಿಗ್ಗೆ ಮಿಝೋಗುಚಿ-ಸಾನ್ ಶೆಡ್ಡಿಗೆ ಬಂದರು. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ. ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಕಾರಿನ ಸುತ್ತ ಎರಡು ಸಲ ತಿರುಗಿದರು. ಎಂಜಿನ್ನಿನ ಅಂಕಿ ನೋಡಿ ತಲೆದೂಗಿದರು. ಸ್ಟಾರ್ಟ್ ಮಾಡಿ ಕಿವಿಗೊಟ್ಟರು. ಆಮೇಲೆ ಬಲಗಡೆಗೆ ಬಂದು ಪ್ರಯಾಣಿಕರ ಸೀಟಿನಲ್ಲಿ ಕೂತರು, ಕೂತ ಕೂಡಲೇ ಹುಬ್ಬೇರಿಸಿದರು.

"ಇದು ಈ ಕಾರಿನದಲ್ಲ," ಎಂದರು. "ನೋಡಲು ಹಾಗೇ ಇದೆ, ಕೂತರೆ ಗೊತ್ತಾಗುತ್ತದೆ."

"ಹೌದು, ಪಟ್ಟಿಯಲ್ಲಿ ಬರೆದಿದ್ದೇನಲ್ಲ," ಎಂದಳು ಅನಸೂಯಾ.

"ಓದಿದೆ. ನನಗೆ ಅರ್ಥವಾಗದೆ ಇರೋದು ಬೇರೆ. ಇಷ್ಟು ಅಪರೂಪದ ಕಾರು, ಎಂಜಿನ್ ಮೂಲದ್ದು, ಎಡಗಡೆ ಸೀಟು ಮೂಲದ್ದು. ಬಲಗಡೆಯದನ್ನು ಮಾತ್ರ ಕಿತ್ತು ಬೇರೆ ಹಾಕಿಸಿದ್ದಾರೆ. ಹೊಗೆ ಕೊಳವೆಯನ್ನೂ ಸದ್ದಡಗುವ ಹಾಗೆ ಬದಲಿಸಿದ್ದಾರೆ. ಇಂಥ ಕಾರು ಕೊಳ್ಳುವವರು ಸದ್ದಿಗೋಸ್ಕರವೇ ಕೊಳ್ಳುತ್ತಾರೆ. ಯಾಕೆ ಹೀಗೆ ಮಾಡಿದರು?"

ಕುರಾತಾ-ಸಾನ್ ತಲೆ ಕೆರೆದುಕೊಂಡ. ಮಿಝೋಗುಚಿ-ಸಾನ್ ಕಡೆಗೆ ತಿರುಗಿ, ಅವಳು ಅಲ್ಲಿಲ್ಲವೇನೋ ಎಂಬಂತೆ, ತಗ್ಗಿದ ದನಿಯಲ್ಲಿ ಹೇಳಿದ. "ಒಕುಸಾನ್ ಬೆನ್ನಿಗೆ ಈ ಕಾರಿನ ಸೀಟು ಆಗಿಬರಲಿಲ್ಲ. ಪದ್ಮನಾಭ-ಸಾನ್ ಎಂಟು ತಿಂಗಳು ಹುಡುಕಿದರು. ನನ್ನ ಶೆಡ್ಡಿಗೆ ಏನಿಲ್ಲವೆಂದರೂ ಹತ್ತು ಸೀಟು ತಂದು, ಒಂದೊಂದರ ಮೇಲೂ ಒಂದೊಂದು ಗಂಟೆ ಕೂತು ನೋಡಿದರು. ಕೊನೆಗೆ ಇದು ಸಿಕ್ಕಿತು, ಸ್ವೀಡನ್ ದೇಶದ ಯಾವುದೋ ಕಾರಿನದು. ಬಲಗಡೆಯದು ಬೇರೆ ಥರ ಕಾಣಬಾರದು ಅಂತ ಅದೇ ಕಪ್ಪು ರೆಕ್ಸಿನ್ ತರಿಸಿ ಹೊಲಿಸಿದರು. ಸದ್ದು ಕಡಿಮೆ ಮಾಡಿಸಿದ್ದೂ ಅದಕ್ಕೇ. ಬೇಡ, ಕಾರಿನ ಬೆಲೆ ಹೋಗುತ್ತದೆ ಅಂತ ನಾನು ಹೇಳಿದೆ. ಮಾರೋದಕ್ಕಲ್ಲವಲ್ಲ ಅಂದರು."

ಅನಸೂಯಾಗೆ ತಾನು ಹಿಡಿದಿದ್ದ ನೋಟ್‌ಬುಕ್ಕನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕುರಾತಾ-ಸಾನ್ ಇದನ್ನೆಲ್ಲ ಅವಳಿಗೆ ಗೊತ್ತೇ ಇರುವ ವಿಷಯವೆಂದು ತಿಳಿದು ಹೇಳುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಆ ಬೆನ್ನುನೋವು ನಾಲ್ಕನೇ ದಿನಕ್ಕೆ ವಾಸಿಯಾಗಿತ್ತು. ಅವಳು ಅದನ್ನು ಮರೆತಿದ್ದಳು. ಗಂಡ ಮರೆತಿರಲಿಲ್ಲ.

"ಒಕುಸಾನ್‌ಗೆ ಹಿಡಿಸಿತು ತಾನೆ?" ಎಂದು ಮಿಝೋಗುಚಿ-ಸಾನ್ ಕೇಳಿದರು, ಮಾಸ್ಕಿನ ಹಿಂದೆ ನಗುತ್ತ.

"ನಾನು ಕೂತಿಲ್ಲ," ಎಂದಳು.

ಕುರಾತಾ-ಸಾನ್ ಮಡಚಿಟ್ಟಿದ್ದ ಬಟ್ಟೆಯನ್ನು ಮತ್ತೆ ಮಡಚತೊಡಗಿದ. ಮಿಝೋಗುಚಿ-ಸಾನ್, "ಹಾಗಾದರೆ ಬನ್ನಿ, ನಾನು ಓಡಿಸಿ ನೋಡಬೇಕಲ್ಲ," ಎಂದು ಕಾರಿನಿಂದಿಳಿದು ಬಲಗಡೆಯ ಬಾಗಿಲನ್ನು ಅವಳಿಗಾಗಿ ಹಿಡಿದುಕೊಂಡರು.

ಕಿಟಕಿಗಳನ್ನೆಲ್ಲ ಇಳಿಸಿ ಅವರು ಸಮುದ್ರದ ಕಡೆಯ ದಾರಿ ಹಿಡಿದರು. ಜಪಾನಿನ ರಸ್ತೆಯಲ್ಲಿ ಬಲಗಡೆ ಕೂರುವುದು ಚಾಲಕ. ಸ್ಟೀರಿಂಗೇ ಇಲ್ಲದೆ ರಸ್ತೆಯ ನಡುಭಾಗಕ್ಕೆ ಕೂತ ಅನಸೂಯಾಳನ್ನು ಎದುರಿನ ಲಾರಿಯವರು ತಿರುಗಿ ನೋಡಿದರು. ಸೀಟು ಅವಳ ಬೆನ್ನನ್ನು ಕೆಳಗಿನಿಂದ ಭುಜದವರೆಗೂ ಮೆತ್ತಗೆ ಹಿಡಿದುಕೊಂಡಿತು. ಎಲ್ಲೂ ಚುಚ್ಚಲಿಲ್ಲ. ಎಂಜಿನ್ ದೂರದಲ್ಲೆಲ್ಲೋ ಗುನುಗುವಂತಿತ್ತು, ಮಾತಾಡಿದರೆ ಕೇಳುವಷ್ಟು. ಬಾಗಿಲಿನ ಮೇಲೆ ಕೈ ಹಿಡಿಯಲು ಗಂಡ ಒಂದು ಪುಟ್ಟ ಹಿಡಿಕೆ ಹಾಕಿಸಿದ್ದ. ಸರಿಯಾಗಿ ಅವಳ ಕೈಗೆ ಎಟಕುವಷ್ಟು ಎತ್ತರಕ್ಕೆ. ಪದ್ಮನಾಭನಿಗಾಗಲಿ ಬೇರೆ ಯಾರಿಗಾಗಲಿ ಅದು ತೀರ ಕೆಳಗಾಗುತ್ತಿತ್ತು. ಅದು ಅವಳ ಪಟ್ಟಿಯಲ್ಲಿ ಇರಲಿಲ್ಲ. ಕಾರ್ಖಾನೆಗಳ ಚಿಮಣಿ, ತೈಲದ ಟ್ಯಾಂಕು, ನಡುನಡುವೆ ಹೊಳೆಯುವ ನೀರು. ಮಿಝೋಗುಚಿ-ಸಾನ್ ಗೇರಿನ ಬಗ್ಗೆ ಏನೇನೋ ಹೇಳುತ್ತಿದ್ದರು, ಅವಳು ಹೂಂಗುಟ್ಟುತ್ತಿದ್ದಳು. ಸ್ಟೀರಿಂಗಿನ ಮುಂದೆ ಪದ್ಮನಾಭ ಕೂತಿರಬೇಕಿತ್ತಲ್ಲ ಎಂದು ಎಡಗಡೆ ನೋಡಿದರೆ ಬಿಳಿ ಗ್ಲೌಸಿನ ಅಪರಿಚಿತ ಕೈಗಳು. ಇಪ್ಪತ್ತು ನಿಮಿಷದಲ್ಲಿ ವಾಪಸು ಬಂದರು.

"ನನಗೆ ಒಪ್ಪಿಗೆ," ಎಂದರು ಮಿಝೋಗುಚಿ-ಸಾನ್.

ಅನಸೂಯಾ ಒಂದು ಫೋನ್ ಮಾಡಿ ಬರುತ್ತೇನೆಂದು ಹೇಳಿ ಕಾಲುವೆಯ ಕಟ್ಟೆಯ ಬಳಿ ಹೋದಳು. ಮೈಸೂರಿನಲ್ಲಿ ಆಗ ಎಂಟು ಗಂಟೆ. ಪದ್ಮನಾಭ ಕೂಡಲೇ ಎತ್ತಿದ, ಕಾಯುತ್ತಿದ್ದವನ ಹಾಗೆ.

"ಬಂದಿದಾರೆ ರೀ. ಒಳ್ಳೆ ಮನುಷ್ಯ. ಒಪ್ಪಿದಾರೆ," ಎಂದಳು. ಬೇಡ ಅನ್ನಿ, ಒಂದೇ ಒಂದು ಸಲ ಬೇಡ ಅನ್ನಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದಳು. ಅವನು ಬೇಡ ಎಂದರೆ ಕೊಟ್ಟ ಮಾತು ಮುರಿದು, ಎಷ್ಟು ಸಲ ಬೇಕಾದರೂ ಬಗ್ಗಿ ಕ್ಷಮೆ ಕೇಳಿ, ಎಲ್ಲಿಯಾದರೂ ಜಾಗ ಹುಡುಕುತ್ತಿದ್ದಳು.

"ಹೌದಾ," ಎಂದ ಅವನು. "ಹೇಗೆ ಓಡಿಸ್ತಾರೆ?"

"ಮೆತ್ತಗೆ."

"ಹಂ."

"ಏನ್ ಮಾಡ್ಲಿ, ಹೇಳಿ."

"ನೀನೇನಂತೀಯ?"

"ನೀವು ಹೇಳಿ."

ತೆರೆಯ ಮೇಲೆ ಅವನ ಮುಖ ಚೌಕ ಚೌಕವಾಗಿ ಒಡೆದು ಮತ್ತೆ ಕೂಡಿತು. ಹಿಂದೆ ಯಾರೋ ತರಕಾರಿ ಗಾಡಿಯವನು ಕೂಗುತ್ತಿದ್ದ. "ಜಾಗ ಇಲ್ವಲ್ಲ ಅನೂ," ಎಂದ ಪದ್ಮನಾಭ. "ನಿಂಗೂ ಸಾಕಾಗಿರತ್ತೆ. ಕೊಟ್ಬಿಡು."

ಕೂತು ನೋಡಿದೆ ಎಂದು ಅವಳು ಹೇಳಬೇಕಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನಾಲ್ಕೈದು ವರ್ಷ ಕರೆದರೂ ಹೋಗದವಳು, ಬೇರೆಯವನು ಓಡಿಸುವಾಗ ಹೋಗಿ ಕೂತೆ ಎಂದು ಯಾವ ಬಾಯಲ್ಲಿ ಹೇಳುವುದು? "ಸರಿ," ಎಂದಳು.

ಇಲ್ಲಿ ಸಹಿಯ ಬದಲು ಒತ್ತುವ, ಪದ್ಮನಾಭನ ಹೆಸರಿನ ಮುದ್ರೆಯನ್ನೂ ಅದರ ನೋಂದಣಿ ಕಾರ್ಡನ್ನೂ ದೇವರ ಗೂಡಿನ ಕೆಳಗಿನ ಡ್ರಾಯರಿನಿಂದ ಅವಳೇ ತಂದಿದ್ದಳು. ವಾರ್ಡು ಕಚೇರಿಯಿಂದ ಪ್ರಮಾಣಪತ್ರ ಮಾಡಿಸಿದ್ದವಳೂ ಅವಳೇ. ಕುರಾತಾ-ಸಾನ್ ಮೇಜಿನ ಮೇಲೆ ಕಾಗದ ಹರಡಿ, ಕೆಂಪು ಶಾಯಿಯ ಡಬ್ಬಿ ತೆರೆದಿಟ್ಟ. ಮೂರು ಕಡೆ ಒತ್ತಬೇಕಿತ್ತು. ಎರಡನೆಯದು ಮಸುಕಾಯಿತು. "ಸುಮಿಮಾಸೆನ್, ಇನ್ನೊಮ್ಮೆ," ಎಂದು ಕ್ಷಮೆ ಕೇಳಿದ. ಅವಳು ಇನ್ನೊಮ್ಮೆ ಒತ್ತಿದಳು, ಈ ಸಲ ಗಂಡನ ಹೆಸರು ಅಚ್ಚುಕಟ್ಟಾಗಿ ಮೂಡಿತು. ಹಸಿರು ಕಾರು ಕಾಲುವೆಯ ಸೇತುವೆ ದಾಟಿ ತಿರುಗುವವರೆಗೂ ಕುರಾತಾ-ಸಾನ್ ನಡು ಬಗ್ಗಿಸಿಯೇ ನಿಂತಿದ್ದ. ಅವಳೂ ನಿಂತಿದ್ದಳು.

ನವೆಂಬರ್ ಇಪ್ಪತ್ತರ ಹೊತ್ತಿಗೆ ಪದ್ಮನಾಭನಿಗೆ ಜಪಾನಿಗೆ ಮರಳಲು ರಾಯಭಾರ ಕಚೇರಿಯ ಅನುಮತಿ ಪತ್ರ ಸಿಕ್ಕಿ, ಅವನು ವಾಪಸು ಬಂದ. ಕಾರು ಮಾರಿ ಒಂದು ತಿಂಗಳೂ ತುಂಬಿರಲಿಲ್ಲ. ಹದಿನಾಲ್ಕು ದಿನ ಒಳಕೋಣೆಯಲ್ಲಿ ಬೇರೆಯಾಗಿದ್ದ. ಅವಳು ಬಾಗಿಲ ಬಳಿ ತಟ್ಟೆ ಇಡುತ್ತಿದ್ದಳು, ಬಾಗಿಲ ಎರಡೂ ಕಡೆ ಕೂತು ಮದುವೆ ಮನೆಯ ಸುದ್ದಿ, ಮಗಳ ಪರೀಕ್ಷೆ, ಆಫೀಸಿನಲ್ಲಿ ಸಂಬಳ ತಗ್ಗಿಸಿದ್ದು ಎಲ್ಲವನ್ನೂ ಮಾತಾಡಿದರು. ಕಾರಿನ ಮಾತು ಬರಲಿಲ್ಲ. ಹದಿನೈದನೆಯ ದಿನ ಭಾನುವಾರ. ಅವನು ತಿಂಡಿ ತಿಂದು, ಶೂ ಹಾಕಿಕೊಂಡು, "ಸ್ವಲ್ಪ ಓಡಾಡ್ಕೊಂಡು ಬರ್ತೀನಿ," ಎಂದು ಹೊರಟ. ಅವಳು ಎಲ್ಲಿಗೆ ಎಂದು ಕೇಳಲಿಲ್ಲ.

ಮೂರು ಗಂಟೆಗೆ ಬಂದ. ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಚೀಲದಲ್ಲಿ ಎರಡು ಕಾಫಿ ಡಬ್ಬಿ ತಂದಿದ್ದ, ಒಂದನ್ನು ಅವಳ ಮುಂದಿಟ್ಟ. "ಶೆಡ್ಡು ಕೆಡವಿದಾರೆ," ಎಂದ. "ನೆಲ ಸಮ ಮಾಡಿ ಜಲ್ಲಿ ಹಾಕ್ತಿದಾರೆ. ಎಲ್ಲಿ ನಿಲ್ಲಿಸ್ತಿದ್ದೆ ಅಂತಾನೂ ಗೊತ್ತಾಗ್ಲಿಲ್ಲ."

ಅನಸೂಯಾ ಡಬ್ಬಿ ತೆರೆಯಲಿಲ್ಲ. "ಕುರಾತಾ-ಸಾನ್ ಸೀಟಿನ ವಿಷಯ ಹೇಳಿದ್ರು," ಎಂದಳು.

ಅವನು ತಲೆಯೆತ್ತಿದ.

"ಯಾಕ್ರೀ ನಂಗೆ ಹೇಳ್ಲಿಲ್ಲ? ಒಂದು ಮಾತು?"

"ಏನಂತ ಹೇಳೋದು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬಂದು ಕೂತ್ರೆ ನಿಂಗೇ ಗೊತ್ತಾಗತ್ತೆ ಅಂದ್ಕೊಂಡಿದ್ದೆ. ಹೇಳಿ ಕೂರಿಸೋದು ಸರಿ ಅನ್ನಿಸ್ಲಿಲ್ಲ. ಕೇಳ್ದೆ ತಂದಿದ್ದು ನಾನೇ ತಾನೆ."

"ಕೂತೆ," ಎಂದಳು ಅವಳು. "ಅವತ್ತು. ಅವರು ಓಡಿಸೋವಾಗ. ಬೆನ್ನು ಒಂಚೂರೂ ನೋಯ್ಲಿಲ್ಲ."

ಪದ್ಮನಾಭ ಎದ್ದು ಕಿಟಕಿಯ ಬಳಿ ಹೋದ. ಅವಳು ಬಿಡಲಿಲ್ಲ, ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. "ನೀವು ಬೇಡ ಅನ್ಲಿ ಅಂತ ಕಾಯ್ತಿದ್ದೆ ಫೋನಲ್ಲಿ."

"ನಾನೂ ಅಷ್ಟೇ," ಎಂದ ಅವನು, ಬೀದಿ ನೋಡುತ್ತ. "ನೀನೇನಂತೀಯ ಅಂತ ಕೇಳಿದ್ನಲ್ಲ. ಇಟ್ಕೊಳ್ಳೋಣ ಅಂತೀಯೇನೋ ಅಂತ. ನೀನು ಸುಮ್ನಿದ್ದೆ. ಇವಳಿಗೆ ತೊಲಗಿದ್ರೆ ಸಾಕಾಗಿದೆ ಅಂದ್ಕೊಂಡೆ."

ಮೊದಲು ತನಗೆ ಹಾಗೇ ಅನಿಸಿತ್ತು ಎಂದು ಅವಳು ಹೇಳಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಮಿಝೋಗುಚಿ-ಸಾನ್‌ಗೆ ಫೋನ್ ಮಾಡಲು ಹೇಳಿದ್ದು ಅನಸೂಯಾ. ಕಾರನ್ನು ವಾಪಸು ಕೇಳುವುದಕ್ಕಲ್ಲ, ಅಂಥ ಮಾತು ಬಾಯಿಗೆ ಬರುವಂತಿರಲಿಲ್ಲ. ಒಮ್ಮೆ ಹೋಗಿ ನೋಡಲು, ಅವರೊಪ್ಪಿದರೆ ಪದ್ಮನಾಭ ಓಡಿಸಿ ಅವಳು ಪಕ್ಕದಲ್ಲಿ ಕೂತು ಕಡಲ ದಂಡೆಯಲ್ಲಿ ಒಂದು ಸುತ್ತು ಹೋಗಿ ಬರಲು. ಮುದುಕರು ಸಂತೋಷದಿಂದ ಒಪ್ಪಿದರು. ಜನವರಿಯಲ್ಲಿ ಬನ್ನಿ ಎಂದರು. ಜನವರಿಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅನಗತ್ಯವಾಗಿ ಓಡಾಡಬೇಡಿ ಎಂದು ಊರಿನ ಧ್ವನಿವರ್ಧಕಗಳು ದಿನಕ್ಕೆರಡು ಸಲ ಹೇಳಿದವು. ಇದೆಲ್ಲ ಸ್ವಲ್ಪ ತಣ್ಣಗಾಗಲಿ ಎಂದರು ಮಿಝೋಗುಚಿ-ಸಾನ್. ಆ ದಿನಗಳಲ್ಲಿ ಜಪಾನಿನಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುತ್ತಿದ್ದ ಮಾತು ಅದು. ಮಾರ್ಚಿನಲ್ಲಿ ತಣ್ಣಗಾಯಿತು, ಆದರೆ ವಯಸ್ಸಾದವರ ಮನೆಗೆ ಲಸಿಕೆ ಹಾಕಿಸದೆ ಹೋಗುವುದು ಹೇಗೆಂದು ಇವರೇ ಹಿಂಜರಿದರು. ಲಸಿಕೆಯ ಸರದಿ ಬಂದಾಗ ಆಗಸ್ಟ್, ಮತ್ತೆ ತುರ್ತು ಪರಿಸ್ಥಿತಿ. ಹೀಗೆ ಒಂದು ವರ್ಷವೇ ಕಳೆಯಿತು.

ಅಕ್ಟೋಬರಿನ ಎರಡನೇ ಭಾನುವಾರ, ಒಂದು ಪೆಟ್ಟಿಗೆ ಸಿಹಿ ಕೊಂಡು, ಅವರು ಜುಶಿಗೆ ಹೋದರು. ಹಿಂದಿನ ದಿನ ಫೋನ್ ಮಾಡಿ ಬರುತ್ತೇವೆ ಎಂದಾಗ ಮಿಝೋಗುಚಿ-ಸಾನ್ ಒಂದು ಕ್ಷಣ ತಡೆದು, "ದಯವಿಟ್ಟು ಬನ್ನಿ, ಮುಖತಃ ಹೇಳಬೇಕಾದ ವಿಷಯವಿದೆ," ಎಂದಿದ್ದರು. ಗೇಟಿನ ಪಕ್ಕದ ಶೆಡ್ಡು ಖಾಲಿಯಿತ್ತು. ನೆಲದ ಮೇಲೆ ಒಂದು ಸೈಕಲ್, ಎರಡು ಹೂಕುಂಡ.

ಮುದುಕರು ಬಾಗಿಲಲ್ಲೇ ನಡು ಬಗ್ಗಿಸಿದರು, ತುಂಬ ಹೊತ್ತು ಏಳಲಿಲ್ಲ. ಬೇಸಿಗೆಯಲ್ಲಿ ಕಣ್ಣಿನ ನರ ಕೆಟ್ಟಿತು, ಡ್ರೈವಿಂಗ್ ಲೈಸೆನ್ಸ್ ವಾಪಸು ಕೊಟ್ಟುಬಿಟ್ಟೆ, ಎಂದರು. ಜುಲೈಯಲ್ಲಿ ಕಾರನ್ನು ಒಬ್ಬ ವ್ಯಾಪಾರಿಗೆ ಮಾರಿದ್ದರು. ಅಮೆರಿಕದಲ್ಲಿ ಈಗ ಇಂಥವಕ್ಕೆ ತುಂಬ ಬೇಡಿಕೆಯಂತೆ. ಅವನು ಅದನ್ನು ಹಡಗಿಗೇರಿಸಿದ. ತಾವು ಮೂವತ್ತು ವರ್ಷ ದುಡಿದ ಯೋಕೋಹಾಮಾ ಬಂದರಿನಿಂದಲೇ ಅದು ಹೊರಟಿತು ಎಂದರು. "ನಿಮಗೆ ತಿಳಿಸಬೇಕಿತ್ತು. ತುರ್ತು ಪರಿಸ್ಥಿತಿಯ ನಡುವೆ ನಿಮಗೆ ತೊಂದರೆ ಯಾಕೆಂದು ಸುಮ್ಮನಿದ್ದೆ. ನನ್ನದು ತಪ್ಪಾಯಿತು."

"ಛೆ, ಇಲ್ಲ, ಹಾಗೆಲ್ಲ ಅನ್ನಬೇಡಿ," ಎಂದ ಪದ್ಮನಾಭ ಜಪಾನಿಯಲ್ಲಿ. ಚಹಾ ಬಂತು. ಅವನು ಅದನ್ನು ಕುಡಿದು, ಲೋಟವನ್ನು ತಟ್ಟೆಯ ನಡುವೆ ಸರಿಯಾಗಿ ಇಟ್ಟು ಕೇಳಿದ. "ಬಲಗಡೆಯ ಸೀಟು ಹಾಗೇ ಹೋಯಿತಾ?"

ಮಿಝೋಗುಚಿ-ಸಾನ್ ಅನಸೂಯಾಳ ಕಡೆ ನೋಡಲಿಲ್ಲ. "ಅಲ್ಲಿನ ಗಿರಾಕಿಗೆ ಎಲ್ಲವೂ ಮೂಲದಂತೆ ಇರಬೇಕಿತ್ತಂತೆ. ವ್ಯಾಪಾರಿ ಆ ಕಾಲದ ಸೀಟು ತರಿಸಿ ಹಾಕಿದ. ಹಳೆಯದು... ಬಿಸಾಡಿರಬೇಕು. ನಾನು ಕೇಳಲಿಲ್ಲ."

ವಾಪಸು ಬರುವ ಟ್ರೈನಿನಲ್ಲಿ ಜಾಗವಿತ್ತು. ಒಬ್ಬರ ಪಕ್ಕ ಒಬ್ಬರು ಕೂತರು. ಟ್ರೈನು ಕನಾಝಾವಾ ದಾಟಿತು. ಆಮೇಲೆ ಪದ್ಮನಾಭ, "ಅವತ್ತು ನೀನು ಕೂತಾಗ, ಸೀಟು ಇನ್ನೊಂಚೂರು ಹಿಂದೆ ಇರಬೇಕಿತ್ತು ಅನ್ನಿಸ್ತಾ? ಕಾಲು ಚಾಚೋಕೆ ಸಾಕಾಗ್ತಿತ್ತಾ?" ಎಂದು ಕೇಳಿದ. ಅವಳು ಸರಿಯಾಗಿತ್ತು ಎಂದಳು. "ಅಂದಾಜಲ್ಲಿ ಕೂರಿಸಿದ್ದೆ," ಎಂದ. ಅವಳು ಅವನ ತೋಳಿಗೆ ತೋಳು ತಾಗಿಸಿ, ಎದುರಿನ ಕಿಟಕಿಯಲ್ಲಿ ಓಡುವ ಮನೆಗಳನ್ನು ನೋಡುತ್ತ ಕೂತಳು. ಕಣ್ಣು ತುಂಬಿ ಮಾಸ್ಕಿನ ಅಂಚು ಒದ್ದೆಯಾಯಿತು. ಒರೆಸಿಕೊಳ್ಳಲು ಹೋಗಲಿಲ್ಲ.

ಆ ವರ್ಷ ದೀಪಾವಳಿಗೆ, ಎರಡು ವರ್ಷದ ಮೇಲೆ, ಕಾವಾಸಾಕಿಯ ಬಾಲು ಮತ್ತು ತಾರಾ ಮನೆಯಲ್ಲಿ ನಾಲ್ಕೈದು ಕನ್ನಡದ ಸಂಸಾರಗಳು ಸೇರಿದವು. ಎಲ್ಲರಿಗೂ ಒಬ್ಬರ ಮುಖ ಒಬ್ಬರು ನೋಡಿದ್ದೇ ಹಬ್ಬವಾಗಿತ್ತು. ಊಟಕ್ಕೆ ಕೂತಾಗ ಬಾಲು, "ಏನ್ ಸಾರ್, ನಿಮ್ಮ ಗ್ರೀನ್ ಮಾನ್ಸ್ಟರ್ ಹೇಗಿದೆ? ಈ ಸಲ ನಮ್ಮನ್ನೂ ಒಂದು ರೌಂಡ್ ಕರ್ಕೊಂಡು ಹೋಗ್ಬೇಕು," ಎಂದ.

"ಅಯ್ಯೋ, ಅದನ್ನ ಮಾರಿ ವರ್ಷ ಆಯ್ತಲ್ಲೋ," ಎಂದ ಪದ್ಮನಾಭ, ಹೋಳಿಗೆ ಮುರಿಯುತ್ತ. "ಜಾಗ ಇರ್ಲಿಲ್ಲ. ಇಬ್ರೂ ಯೋಚನೆ ಮಾಡಿ ಮಾರಿದ್ವಿ."

ತುಪ್ಪ ಬಡಿಸುತ್ತಿದ್ದ ಅನಸೂಯಾ ಚಮಚವನ್ನು ಬಟ್ಟಲಿನಲ್ಲೇ ಬಿಟ್ಟಳು.

"ಇಲ್ಲ," ಎಂದಳು. "ನಾನು ಮಾರಿದ್ದು. ಸರಿಯಾಗಿ ಕೇಳ್ಲೂ ಇಲ್ಲ ಇವರನ್ನ."

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. "ಹಾಗ್ ಬನ್ನಿ ದಾರಿಗೆ! ಹೈಕಮಾಂಡ್ ಡಿಸಿಷನ್ನಾ?" ಎಂದು ಬಾಲು ಚಪ್ಪಾಳೆ ತಟ್ಟಿದ. ಪದ್ಮನಾಭ ನಗಲಿಲ್ಲ. ತಲೆಯೆತ್ತಿ ಅವಳನ್ನು ನೋಡಿ, ತನ್ನ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, "ತುಪ್ಪ ಹಾಕು," ಎಂದ.